ಶನಿವಾರ ಎಸ್‌.ಪಿ. ರಸ್ತೆಗೆ: ಟೂಲ್ಸ್ ಬೇಕಾದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಲ್ಲಿ, ಸ್ವಿಚ್, ಬಾಗಿಲ ಕೀಲು ಅಂತ ಮನೆ ರಿಪೇರಿ ತಾವೇ ಮಾಡಿಕೊಳ್ಳುವವರಿಗೆ ಈ ಸೂಚನೆ. ಶನಿವಾರ ಬೆಳಿಗ್ಗೆ 10ಕ್ಕೆ ನಮ್ಮ ಅಪಾರ್ಟ್‌ಮೆಂಟ್ ಗೇಟಿನಿಂದ, ಬೆಂಗಳೂರಿನಲ್ಲಿ ಟೂಲ್ಸ್ ಅಂಗಡಿಗಳಿರುವ ಎಸ್‌.ಪಿ. ರಸ್ತೆಗೆ ಹೊರಡೋಣ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.

ಹೋದ ವರ್ಷ ನಾನು ಅಗ್ಗಕ್ಕೆ ಸಿಕ್ಕಿತು ಅಂತ ಹೆಸರಿಲ್ಲದ ನೂರು ಪೀಸಿನ ಸೆಟ್ ತಂದೆ, ಎರಡನೇ ಸ್ಕ್ರೂಗೇ ಸ್ಕ್ರೂಡ್ರೈವರ್ ತುದಿ ಸವೆದುಹೋಯಿತು! ಈ ಸಲ ನಮ್ಮ ದೇಶದ್ದೇ ತಗೊಳ್ಳೋಣ. ನಾಸಿಕ್‌ನಲ್ಲಿ ಕಾರ್ಖಾನೆ ಇರುವ ತಪಾರಿಯಾ ಬ್ರ್ಯಾಂಡ್ ಇದೆ, ಜಲಂಧರ್, ಲೂಧಿಯಾನದ ಕಡೆಯ ಸ್ಪ್ಯಾನರ್‌ಗಳೂ ಸಿಗುತ್ತವೆ. ಡಬ್ಬದ ಮೇಲೆ ತಯಾರಾದ ಊರು ನೋಡಿ, ಬರೀ ಬ್ರ್ಯಾಂಡ್ ಅಲ್ಲ.

ಶುರುವಿಗೆ 8 ಇಂಚಿನ ಕಟಿಂಗ್ ಪ್ಲೇಯರ್, 10 ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಟೆಸ್ಟರ್, ಸುತ್ತಿಗೆ ಸಾಕು. ಪ್ಲೇಯರ್ ಮುಚ್ಚಿ ಬೆಳಕಿಗೆ ಹಿಡಿಯಿರಿ, ಕತ್ತರಿಸುವ ಅಂಚಿನಲ್ಲಿ ಸಂದು ಕಂಡರೆ ಬೇಡ. ಹಿಡಿಗೆ ಪ್ಲಾಸ್ಟಿಕ್ ಇದೆ ಅಂತ ಮೈನ್ ಆಫ್ ಮಾಡದೆ ವೈರ್ ಮುಟ್ಟಬೇಡಿ, ಅಷ್ಟೇ.

ಏನು ಬೇಕು, ಎಷ್ಟು ಬೇಕು ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಒಟ್ಟಿಗೆ ಕೊಂಡರೆ ಸ್ವಲ್ಪ ಚೌಕಾಸಿ ಮಾಡಬಹುದು ಅಲ್ವಾ? ಬರಲಾಗದವರು ಫ್ಲಾಟ್ ನಂಬರ್ ಹಾಕಿ, ತಂದುಕೊಡುತ್ತೇವೆ. ಬಿಲ್ ತಪ್ಪದೇ ತರುತ್ತೇವೆ.