ಬೇಯಿಸಿದವರು ಮೊದಲ ಪಂಕ್ತಿಯಲ್ಲಿ ಕೂರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬ ಸೋದರಿ ಬರೆದ ಪತ್ರ ಓದಿದೆ. ಹಬ್ಬ ಬಂತೆಂದರೆ ಹೆಂಗಸರಿಗೆ ಒಲೆ ಮುಂದೆ ನಿಲ್ಲುವುದೇ ಆಯಿತು, ಅದಕ್ಕಿಂತ ಕೇಟರಿಂಗ್‌ನವರಿಗೆ ಹೇಳಿಬಿಡುವುದು ವಾಸಿ ಅಂತ ಅವರು ಬರೆದಿದ್ದರು. ಅವರ ಸಂಕಟ ನನಗೆ ಚೆನ್ನಾಗಿ ಗೊತ್ತು. ಆದರೆ ಅವರು ಹೇಳಿದ ದಾರಿ ಹಿಡಿಯಲು ಮನಸ್ಸು ಒಪ್ಪಲಿಲ್ಲ. ಈ ವರ್ಷ ಈಸ್ಟರ್ ಏಪ್ರಿಲ್ 5ಕ್ಕೆ. ನಮ್ಮ ಮನೆಯಲ್ಲಿ 46 ಜನರ ಊಟ. ನಾವು ಅದನ್ನು ಹೇಗೆ ಮಾಡುತ್ತೇವೆ ಅಂತ ಬರೆದರೆ ಆ ಸೋದರಿಗೂ ಇನ್ನು ನಾಲ್ಕು ಮನೆಯವರಿಗೂ ಉಪಯೋಗವಾದೀತು.

ನಾವು ಸಾಗರದ ಹತ್ತಿರದವರು. ಮಾವನವರು ಮಂಗಳೂರು ಕಡೆಯಿಂದ ಶರಾವತಿ ಯೋಜನೆಯ ಕೆಲಸಕ್ಕೆ ಬಂದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೂ ವಾಪಸ್ ಹೋಗಲಿಲ್ಲ. ಇಲ್ಲೇ ಒಂದಿಷ್ಟು ಅಡಿಕೆ ತೋಟ ಮಾಡಿಕೊಂಡರು. ಅವರ ಏಳು ಮಕ್ಕಳು, ಆ ಮಕ್ಕಳ ಮಕ್ಕಳು ಸೇರಿ ಈಗ 11 ಮನೆಗಳಾಗಿವೆ. ನಾನು ಹಿರಿಸೊಸೆ. 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ್ದೇನೆ.

ಮದುವೆಯಾಗಿ ಬಂದ ಮೊದಲ ಈಸ್ಟರ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಧ್ಯಾಹ್ನ ಮೂರೂವರೆ. ಎಲ್ಲರ ಊಟ ಮುಗಿದು ಗಂಡಸರು ಜಗಲಿಯಲ್ಲಿ ಮಲಗಿದ್ದರು. ನೀರು ಕುಡಿಯಲು ಒಳಗೆ ಹೋದೆ. ಅತ್ತೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ತಟ್ಟೆಯಲ್ಲಿ ಎರಡು ಸಾನ್ನ, ಅಂದರೆ ಯೀಸ್ಟ್ ಹಾಕಿ ಹಬೆಯಲ್ಲಿ ಬೇಯಿಸುವ ಅಕ್ಕಿಯ ಇಡ್ಲಿ. ಹಂದಿ ಮಾಂಸದ ಮಸಾಲೆ ಸಾರು, ಬಫಾತ್, ಖಾಲಿ. ಪಾತ್ರೆಯ ಅಂಚಿಗೆ ಅಂಟಿದ್ದ ಕೆಂಪು ಮಸಾಲೆಯನ್ನು ಸಾನ್ನದ ಚೂರಿನಿಂದ ಒರೆಸಿ ಒರೆಸಿ ತಿನ್ನುತ್ತಿದ್ದರು. ನನ್ನನ್ನು ನೋಡಿ, "ನಂಗೆ ಇದೇ ರುಚಿ" ಅಂದರು.

ಹಿಂದಿನ ರಾತ್ರಿ ಚರ್ಚಿನಲ್ಲಿ ನಡೆದ ಜಾಗರಣೆ ಪೂಜೆಗೂ ಅವರು ಬಂದಿರಲಿಲ್ಲ. ಹಿಟ್ಟು ನೋಡಿಕೊಳ್ಳಬೇಕು, ಮಾಂಸ ಕುದಿಸಬೇಕು, ನೀವೆಲ್ಲ ಹೋಗಿಬನ್ನಿ ಅಂದಿದ್ದರು. ಮನೆಯಲ್ಲಿ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲವನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಮಾಡುತ್ತಿದ್ದವರು ಅವರೇ. ಮಾಂಸ ಬಿಟ್ಟು, ಮೀನು ಬಿಟ್ಟು, ಕಾಫಿಗೆ ಸಕ್ಕರೆಯನ್ನೂ ಬಿಡುತ್ತಿದ್ದರು. ಅಂಥವರಿಗೇ ಹಬ್ಬದ ಪೂಜೆ ಇಲ್ಲ, ಹಬ್ಬದ ಊಟವೂ ಇಲ್ಲ ಅಂದರೆ ಅದು ದೊಡ್ಡ ತಪ್ಪು. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ನಾನೂ ಹೊಟ್ಟೆ ತುಂಬ ತಿಂದು ಆಮೇಲೆ ಒಳಗೆ ಹೋದವಳು, ಅಲ್ವಾ?

ಅಡುಗೆಯ ಜವಾಬ್ದಾರಿ ನನ್ನ ಕೈಗೆ ಬಂದಾಗ ಎರಡೇ ಮಾತು ಹೇಳಿದೆ. ಶನಿವಾರ ಸಂಜೆ ಆರಕ್ಕೆ ಒಲೆ ಆರಬೇಕು, ಎಲ್ಲರೂ ಪೂಜೆಗೆ ಹೊರಡಬೇಕು. ಭಾನುವಾರ ಬೇಯಿಸಿದವರು ಮೊದಲ ಪಂಕ್ತಿಯಲ್ಲಿ ಕೂರಬೇಕು. ಉಳಿದ ತಯಾರಿಯೆಲ್ಲ ಈ ಎರಡು ಮಾತು ಉಳಿಸಿಕೊಳ್ಳಲಿಕ್ಕೆ.

ಮೊದಲು ತಲೆ ಲೆಕ್ಕ. ಈಸ್ಟರ್ ಮರುದಿನ ಸೋಮವಾರ ರಜೆ ಇಲ್ಲ. ಬೆಂಗಳೂರಿನವರು ಭಾನುವಾರ ರಾತ್ರಿಯೇ ರೈಲು ಹತ್ತಬೇಕು. ಮೊದಲೆಲ್ಲ 120 ದಿನ ಮುಂಚೆ ಟಿಕೆಟ್ ಸಿಗುತ್ತಿತ್ತು. 2024ರ ನವೆಂಬರ್‌ನಿಂದ ರೈಲ್ವೆಯವರು ಅದನ್ನು 60 ದಿನಕ್ಕೆ ಇಳಿಸಿದ್ದಾರೆ. ಹಾಗಾಗಿ ಫೆಬ್ರವರಿ ಮೊದಲ ವಾರವೇ ಎಲ್ಲರಿಗೂ ಫೋನ್ ಮಾಡುತ್ತೇನೆ. "ಬಂದರೂ ಬಂದೆ" ಅನ್ನುವವರು ಟಿಕೆಟ್ ತೆಗೆದ ಮೇಲೆ ಬಂದೇ ಬರುತ್ತಾರೆ. ಊಟ ಹನ್ನೆರಡೂವರೆಗೆ. ಮೂರು ಗಂಟೆಗೆ ಊಟ ಮಾಡಿ ಓಡುವುದು ಹಬ್ಬ ಅಲ್ಲ.

ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಮಧ್ಯಾಹ್ನ ಬಫಾತ್ ಪುಡಿ ಹುರಿಯುತ್ತೇವೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ, ಚಕ್ಕೆ, ಲವಂಗ. ಮಾಂಸದ ಅಂಗಡಿಗೂ ಅವತ್ತೇ ಹೇಳಿಡುತ್ತೇವೆ: ಹಂದಿ 8 ಕಿಲೋ, ಕೋಳಿ 9 ಕಿಲೋ. ಶುಭ ಶುಕ್ರವಾರ (ಗುಡ್ ಫ್ರೈಡೇ) ಉಪವಾಸ. ಗಂಜಿ, ಚಟ್ನಿ, ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ. ಅವತ್ತು ಹಬ್ಬದ ಅಡುಗೆ ಮಾತೇ ಇಲ್ಲ. ಶನಿವಾರ ಬೆಳಿಗ್ಗೆ ಬಫಾತ್ ಒಲೆ ಮೇಲೆ. ಅದು ಮಾಡಿದ ದಿನಕ್ಕಿಂತ ಮರುದಿನ ರುಚಿ. ವಿನಿಗರ್, ಮಸಾಲೆ ಮಾಂಸಕ್ಕೆ ಇಳಿಯಲು ಒಂದು ರಾತ್ರಿ ಬೇಕು. ಪೂಜೆಯಿಂದ ಬಂದು ಒಂದು ಸಲ, ಬೆಳಿಗ್ಗೆ ಒಂದು ಸಲ ಚೆನ್ನಾಗಿ ಕುದಿಸುತ್ತೇವೆ. ಕೋಳಿಗೆ ತೆಂಗಿನಕಾಯಿ ಬೀಳುವುದರಿಂದ ಅದನ್ನು ಭಾನುವಾರವೇ ಮಾಡಬೇಕು. ಈ ಸೆಕೆಯಲ್ಲಿ ಕಾಯಿ ಹಾಕಿದ್ದು ಹಳಸಲು ಎಷ್ಟು ಹೊತ್ತು?

ಸಾನ್ನದ ಲೆಕ್ಕ ಸ್ವಲ್ಪ ವಿವರವಾಗಿ ಹೇಳುತ್ತೇನೆ, ದೊಡ್ಡ ಊಟಗಳು ತಡವಾಗುವುದೇ ಇಂಥ ಕಡೆ. ತಲೆಗೆ ನಾಲ್ಕರಂತೆ 184 ಸಾನ್ನ. ಆರು ಕಿಲೋ ಅಕ್ಕಿ ಬೇಕು. ನಮ್ಮ ಪಾತ್ರೆಯಲ್ಲಿ ಒಂದು ಸಲಕ್ಕೆ 16 ಬೇಯುತ್ತವೆ, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಒಂದೇ ಪಾತ್ರೆಯಾದರೆ 12 ಸಲ, ಅಂದರೆ ನಾಲ್ಕು ಗಂಟೆ. ಅತ್ತೆಯವರ ಅರ್ಧ ಹಬ್ಬ ಹೋಗುತ್ತಿದ್ದದ್ದು ಅಲ್ಲೇ. ಈಗ ಮೂರು ಪಾತ್ರೆ ಇಡುತ್ತೇವೆ, ಎರಡು ನಾದಿನಿಯರ ಮನೆಯಿಂದ ಬರುತ್ತವೆ. ಎಂಬತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಒಂಬತ್ತೂವರೆಗೆ ಶುರು ಮಾಡಿದರೆ ಹನ್ನೊಂದರ ಒಳಗೆ ಬಾಳೆಲೆ ಹಾಸಿದ ಬುಟ್ಟಿ ತುಂಬಿರುತ್ತದೆ.

ಕಳೆದ ವರ್ಷ ಇಲ್ಲೇ ಎಡವಿದೆವು. ಈಸ್ಟರ್ ಏಪ್ರಿಲ್ 20ಕ್ಕೆ ಬಿದ್ದಿತ್ತು, ಸೆಕೆ ಅಂದರೆ ಸೆಕೆ. ನಾನು ಎಂದಿನ ಹಾಗೆ ಸಂಜೆ ಐದಕ್ಕೆ ಹಿಟ್ಟಿಗೆ ಯೀಸ್ಟ್ ಹಾಕಿ ಪೂಜೆಗೆ ಹೋದೆ. ನಡುರಾತ್ರಿ ಬಂದು ಅಡುಗೆಮನೆ ದೀಪ ಹಾಕಿದರೆ ಹಿಟ್ಟು ಪಾತ್ರೆ ದಾಟಿ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಇಳಿದಿತ್ತು. ಉಳಿದದ್ದು ಪೂರ್ತಿ ಹುಳಿ. ನನಗೆ ಅಳುವೇ ಬಂತು. ಓರಗಿತ್ತಿ ಒಂದೂ ಮಾತಾಡದೆ ಸೀರೆ ಎತ್ತಿ ಕಟ್ಟಿ ನೆಲ ಒರೆಸಿದಳು. ಮರುದಿನ ಸಾನ್ನದ ಬದಲು ಅಕ್ಕಿ ರೊಟ್ಟಿ ತಟ್ಟಿದೆವು. ರೊಟ್ಟಿ ಬಿಸಿಬಿಸಿಯಾಗಿ ಬಡಿಸಬೇಕಲ್ಲ, ಮೂವರು ಹೆಂಗಸರು ಊಟ ಮುಗಿಯುವ ತನಕ ಕಾವಲಿ ಮುಂದೆಯೇ ಉಳಿದೆವು. ನಮ್ಮ ನಿಯಮ ಆ ವರ್ಷ ಮುರಿಯಿತು. ಈ ಸಲ ಯೀಸ್ಟ್ ಅರ್ಧಕ್ಕೆ ಇಳಿಸುತ್ತೇವೆ, ಪೂಜೆಯಿಂದ ಬಂದ ಮೇಲೆ ಹಾಕುತ್ತೇವೆ, ಪಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಟ್ಟು ಹಾಕುವುದಿಲ್ಲ.

ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬರಬಹುದು. ಮಲೆನಾಡಿನಲ್ಲಿ ಆ ಒಂದು ತಿಂಗಳಲ್ಲಿ ಹಿತ್ತಲೇ ಬದಲಾಗುತ್ತದೆ. ಬೇಗ ಬಂದರೆ ಎಳೆ ಹಲಸು ಸಿಗುತ್ತದೆ, ಪಲ್ಯ ಮಾಡಬಹುದು. ತಡವಾದರೆ ಹಲಸು ಬಲಿತಿರುತ್ತದೆ. ನಮ್ಮ ನಾದಿನಿಯ ಅಳಿಯ ಲಿಂಗಾಯತರ ಮನೆಯ ಹುಡುಗ, ಮಾಂಸ ಮುಟ್ಟುವುದಿಲ್ಲ. ಅವನಿಗಾಗಿ ಹಲಸಿನ ಪಲ್ಯ, ಸಾರು ಎಲ್ಲಕ್ಕಿಂತ ಮೊದಲು ಆಗಿ ಬೇರೆ ಸೌಟಿನ ಜೊತೆ ಬೇರೆ ಕಟ್ಟೆ ಮೇಲೆ ಕೂರುತ್ತದೆ. ಪಕ್ಕದ ತೋಟದ ಹವ್ಯಕರ ಮನೆಯ ಅಕ್ಕ ಪ್ರತಿ ವರ್ಷ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಾರೆ. ಅವರು ನಮ್ಮಲ್ಲಿ ಊಟ ಮಾಡುವುದಿಲ್ಲ, ಸಂಜೆ ಬಂದು ಮುರುಗಲು ಶರಬತ್ತು ಕುಡಿದು ಹರಟೆ ಹೊಡೆದು ಹೋಗುತ್ತಾರೆ. ಅವರು ಬರದಿದ್ದರೆ ನನಗೆ ಹಬ್ಬ ಪೂರ್ತಿ ಆಗುವುದಿಲ್ಲ.

ಖರ್ಚನ್ನು 11 ಮನೆಗೂ ಸಮ ಹಂಚುತ್ತೇವೆ. ಕಳೆದ ವರ್ಷ ಮನೆಗೆ 1,200 ರೂಪಾಯಿ ಬಂತು. ಗಂಡ ತೀರಿಕೊಂಡ ಒಬ್ಬ ನಾದಿನಿಗೆ ಅಷ್ಟು ಕೊಡುವುದು ಕಷ್ಟ. ಅವಳು 20 ತೆಂಗಿನಕಾಯಿ, ಬಾಳೆಲೆ ತರುತ್ತಾಳೆ. ಪುಸ್ತಕದಲ್ಲಿ ಅದನ್ನು ಅವಳ ಪೂರ್ತಿ ಪಾಲು ಅಂತಲೇ ಬರೆಯುತ್ತೇನೆ. ಇದನ್ನು ಗಮನಿಸದೆ ಹೋದರೆ ಅಂಥವರು ಸುಮ್ನೆ ಏನೋ ನೆಪ ಹೇಳಿ ಬರುವುದನ್ನೇ ನಿಲ್ಲಿಸುತ್ತಾರೆ.

ಮೊದಲ ಪಂಕ್ತಿಯಲ್ಲಿ ಬೇಯಿಸಿದವರು, ವಯಸ್ಸಾದವರು, ಚಿಕ್ಕ ಮಕ್ಕಳು. ಬಡಿಸುವುದು ಗಂಡುಮಕ್ಕಳು, ಅಳಿಯಂದಿರು. ಎರಡನೇ ಪಂಕ್ತಿಗೆ ನಾವು ಎದ್ದು ಅವರಿಗೆ ಬಡಿಸುತ್ತೇವೆ. ಶುರುವಿನಲ್ಲಿ ಹುಡುಗರಿಗೆ ಸಾರು ಎಲೆ ದಾಟಿ ಹರಿಯದ ಹಾಗೆ ಬಡಿಸಲು ಬರುತ್ತಿರಲಿಲ್ಲ. ಈಗ ನಮಗಿಂತ ಚೆನ್ನಾಗಿ ಬಡಿಸುತ್ತಾರೆ. ಎರಡು ಪಂಕ್ತಿಗೂ ಬಫಾತ್ ಬೇರೆ ಬೇರೆ ಪಾತ್ರೆಯಲ್ಲಿ ಮೊದಲೇ ತೆಗೆದಿಟ್ಟಿರುತ್ತೇವೆ, ಯಾರೂ ಪಾತ್ರೆ ಒರೆಸಬೇಕಾಗಿಲ್ಲ. ಕೇಟರಿಂಗ್‌ನವರಿಗೆ ಹೇಳಿದ್ದರೆ ಹೆಂಗಸರಿಗೆ ದಣಿವು ತಪ್ಪುತ್ತಿತ್ತು, ನಿಜ. ಈ ಹುಡುಗರು ಮಾತ್ರ ಕೈಕಟ್ಟಿ ಕೂತೇ ಇರುತ್ತಿದ್ದರು.

ಹೊಸ ಕ್ರಮ ಶುರುವಾದ ವರ್ಷ ಅತ್ತೆಗೆ 71. ಶನಿವಾರ ರಾತ್ರಿ ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದರು. ದೀಪವೆಲ್ಲ ಆರಿಸಿ, ಹೊಸ ಬೆಂಕಿಯಿಂದ ಪಾಸ್ಕ ಬತ್ತಿ, ಅಂದರೆ ಈಸ್ಟರ್‌ನ ದೊಡ್ಡ ಮೇಣದಬತ್ತಿ, ಹಚ್ಚಿದರು. ಅದರ ಬೆಳಕು ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿಗೆ ದಾಟುತ್ತಾ ನಮ್ಮ ಸಾಲಿಗೆ ಬಂತು. ಅವರ ಕೈ ನಡುಗಿ ಮೇಣದ ಹನಿಯೊಂದು ಹೆಬ್ಬೆರಳ ಮೇಲೆ ಬಿತ್ತು. ಒರೆಸಲು ಹೋದೆ. ಬೇಡ ಅಂತ ತಲೆ ಆಡಿಸಿದರು. ಮನೆಗೆ ಬರುವ ತನಕ ಅದನ್ನು ಹಾಗೇ ಇಟ್ಟುಕೊಂಡಿದ್ದರು.

ಈಗ ಅವರಿಲ್ಲ. ಈ ಸಲದ ಕೆಲಸದ ಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿಸಿಯಾಗಿದೆ. ಸಾನ್ನದ ಜವಾಬ್ದಾರಿಯನ್ನು ಎರಡನೇ ಮೈದುನ ಕೇಳಿ ಪಡೆದಿದ್ದಾನೆ. ಹಿಟ್ಟಿನ ಹದ ತೋರಿಸಿಕೊಡಿ ಅತ್ತಿಗೆ ಅಂತ ಗರಿಗಳ ಭಾನುವಾರ ಬರುತ್ತೇನೆಂದಿದ್ದಾನೆ. ಆ ಸೋದರಿ ಸಾಗರದ ಕಡೆಯವರಾದರೆ ಅವತ್ತು ಅವರೂ ನಮ್ಮ ಮನೆಗೆ ಬರಲಿ.

ಒಬ್ಬ ನಿವೃತ್ತ ಶಿಕ್ಷಕಿ
ಸಾಗರ, ಶಿವಮೊಗ್ಗ ಜಿಲ್ಲೆ