ಗೊತ್ತಿರುವ ಕಥೆ ಮತ್ತೆ ಯಾಕೆ?

ಈ ಸಂಚಿಕೆ ಇವತ್ತು ರಾತ್ರಿಯೇ ಹೋಗಬೇಕು. ಬರ್ತೀನಿ ಅಂದ ಎರಡು ಲೇಖನ ಇನ್ನೂ ಬಂದಿಲ್ಲ. ಹಾಗಾಗಿ ಸಂಪಾದಕೀಯ ಈ ಸಲ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಹೋದ ಭಾನುವಾರ ಮಕ್ಕಳ ಕ್ರಿಸ್ಮಸ್ ನಾಟಕದ ತಾಲೀಮು ಇತ್ತು. ಕುರಿಯ ಪಾತ್ರ ಮಾಡುವ ಹುಡುಗ ಮೈಗೆ ಅಂಟಿಸಿದ ಹತ್ತಿ ಕೀಳುತ್ತಾ ಕೇಳಿದ: "ಇದು ಹೋದ ವರ್ಷದ್ದೇ ಕಥೆ ಅಲ್ವಾ? ನಮಗೆಲ್ಲ ಗೊತ್ತು. ಮತ್ತೆ ಯಾಕೆ?"

ಇದಕ್ಕೆ ಸರಿಯಾಗಿ ಉತ್ತರ ಕೊಡಬಲ್ಲವರು ಗದಗಿನ ಪಕ್ಕದ ಬೆಟಗೇರಿಯ ನಮ್ಮ ಓಣಿಯಲ್ಲಿದ್ದರು. ನಾವೆಲ್ಲ ಆಯಿ ಅಂತಿದ್ದೆವು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡ, ಹುಬ್ಬಳ್ಳಿ ಮುಗಿಸಿ ಬೆಟಗೇರಿಗೆ ಬಂದದ್ದು 1841ರಲ್ಲಿ. ಆಯಿಯ ಮನೆತನ ಮುತ್ತಜ್ಜನ ಕಾಲದಿಂದ ಆ ಚರ್ಚಿನದು. ನಮ್ಮದು ಮಗ್ಗದ ಮನೆ, ದೇವರು ಬೇರೆ. ಆದರೆ ಆಯಿಗೆ ಓದಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಸಂಜೆ ಹೋಗಿ ಸತ್ಯವೇದ, ಅಂದರೆ ಬೈಬಲ್, ಓದಿ ಹೇಳಿದರೆ ಒಂದು ಹಿಡಿ ಚುರುಮುರಿ, ಶೇಂಗಾ ಸಿಗುತ್ತಿತ್ತು. ನಾನು ಪರೀಕ್ಷೆಗೆ ಓದುವ ಹಾಗೆ ಗಡಗಡ ಓದುತ್ತಿದ್ದೆ. "ಸಾವಕಾಶ ಓದೋ ತಮ್ಮಾ, ಯಾರೂ ಬೆನ್ನು ಹತ್ತಿಲ್ಲ" ಅನ್ನುತ್ತಿದ್ದರು. ಓದು ಶುರುವಾದರೆ ಮೊರದಲ್ಲಿ ಶೇಂಗಾ ಬಿಡಿಸುವ ಕೈ ನಿಂತುಬಿಡುತ್ತಿತ್ತು.

ಲೂಕನ ಸುವಾರ್ತೆಯ 8ನೇ ಅಧ್ಯಾಯದ ಬಿತ್ತುವವನ ಸಾಮ್ಯ ಅಂದ್ರೆ ಅವರಿಗೆ ಭಾಳ ಇಷ್ಟ. ದಾರಿ, ಬಂಡೆ, ಮುಳ್ಳು, ಒಳ್ಳೆಯ ನೆಲ ಹೀಗೆ ಬೇರೆ ಬೇರೆ ಕಡೆ ಬಿದ್ದ ಬೀಜಗಳ ಬಗ್ಗೆ ಯೇಸು ಹೇಳಿದ ದೃಷ್ಟಾಂತದ ಕಥೆ ಅದು. ಮೊದಲ ಸಲ ಓದಿದಾಗ ತಕರಾರು ತೆಗೆದರು. "ದಾರಿ ಮ್ಯಾಲೆ ಬೀಜ ಹ್ಯಾಂಗ ಬೀಳತೈತಿ? ಕೂರಿಗಿ ಹಿಡದವಗ ಸಾಲು ಕಾಣಂಗಿಲ್ಲೇನು?" ರೈತರ ಮನೆಯ ಮಗಳು ಅವರು. ಭಾನುವಾರ ಸಭಾಪಾಲಕರನ್ನೇ ಕೇಳಿ ಬಂದರು. ಆ ದೇಶದಲ್ಲಿ ಬೀಜವನ್ನು ಕೈಯಿಂದ ಎರಚುತ್ತಿದ್ದರಂತೆ. ಅಂದು ರಾತ್ರಿ ನನಗೆ ಅದನ್ನು ಮಾಡಿ ತೋರಿಸಿದರು, ಚುರುಮುರಿ ಎರಚಿ.

ಮಳೆ ಕೈಕೊಟ್ಟ ವರ್ಷ ಅದೇ ಅಧ್ಯಾಯ ಬಂತು. ಬಂಡೆಯ ಮೇಲೆ ಬಿದ್ದದ್ದು ತೇವವಿಲ್ಲದೆ ಒಣಗಿತು ಅಂತ ಓದಿದೆ. ಆಯಿ ತಡೆದರು. "ಮಾರ್ಕ ಹಿಂಗ ಹೇಳಿಲ್ಲಲ್ಲ?" ಪುಟ ತಿರುವಿ ನೋಡಿದೆ. ನಿಜ. ಇದೇ ಕಥೆ ತಮ್ಮ ಸುವಾರ್ತೆಗಳಲ್ಲಿ ಬರೆದ ಮತ್ತಾಯ, ಮಾರ್ಕ ಇಬ್ಬರೂ ಮಣ್ಣಿಗೆ ಆಳವಿಲ್ಲ, ಬೇರಿಲ್ಲ ಅಂತಾರೆ. ತೇವದ ಮಾತು ಲೂಕನದು ಮಾತ್ರ. ಅಕ್ಷರ ಬಾರದ ಹೆಂಗಸು ಬರೀ ಕಿವಿಯಲ್ಲಿ ಇದನ್ನು ಹಿಡಿದಿದ್ದರು! "ಹಿಂಗಾರಿ ಜೋಳ ಮಳಿ ನೋಡಿ ಬೆಳಿಯೂದಿಲ್ಲ ತಮ್ಮಾ. ಎರಿ ಹೊಲ ಮೊದಲs ಕುಡದಿಟ್ಟ ಹಸಿ ಮ್ಯಾಲೆ ಬೆಳಿತೈತಿ. ಕೇಳಿದ್ದೂ ಹಂಗs."

ಆಮೇಲೆ ಗಂಡುಮಕ್ಕಳು ಬೇರೆಯಾಗಿ ಮನೆಯ ನಡುವೆ ಗೋಡೆ ಎದ್ದಿತು. ಆ ಸಲ ಮುಳ್ಳಿನ ಭಾಗಕ್ಕೆ ಬಂದೆ. ಚಿಂತೆ, ಐಶ್ವರ್ಯ, ಭೋಗ ಬೆಳೆಯನ್ನು ಅಡಗಿಸುವ ಮಾತು. ಆಯಿ ಏನೂ ಹೇಳಲಿಲ್ಲ. "ಇನ್ನೊಮ್ಮೆ ಓದು" ಅಂದರು, ಅಷ್ಟೇ.

ಕಥೆ ಅದೇ, ಒಂದಕ್ಷರ ಬದಲಾಗಿರಲಿಲ್ಲ. ಈ ಸಾಮ್ಯ ಮೊದಲ ಸಲ ಶಿಷ್ಯರಿಗೂ ತಿಳಿದಿರಲಿಲ್ಲ, ಅರ್ಥ ಏನು ಅಂತ ಯೇಸುವನ್ನೇ ಕೇಳಿದರು. ಒಳ್ಳೆಯ ನೆಲ ಅಂದರೆ ಕೇಳಿದ್ದನ್ನು ಬಿಡದೆ ಹಿಡಿದುಕೊಂಡು ತಾಳ್ಮೆಯಿಂದ ಫಲ ಕೊಡುವವರು ಅಂತ ಲೂಕ ಬರೆದಿದ್ದಾನೆ. ಸ್ವಲ್ಪ ಮುಂದೆ, ಹೇಗೆ ಕೇಳುತ್ತೀರಿ ಅನ್ನುವುದರ ಬಗ್ಗೆ ಎಚ್ಚರ ಇರಲಿ ಅಂತಲೂ ಇದೆ. ಆ ಕಾಲದಲ್ಲಿ ಬಹಳ ಜನರಿಗೆ ದೇವರ ವಾಕ್ಯ ಅಂದರೆ ಕೇಳುವುದೇ ಆಗಿತ್ತು. ಅದಕ್ಕೂ ಹಿಂದಿನ ಕಾಲದ್ದು, ಹಳೆಯ ಒಡಂಬಡಿಕೆಯ ನೆಹೆಮೀಯ ಪುಸ್ತಕದ 8ನೇ ಅಧ್ಯಾಯದಲ್ಲಿ ಯಾಜಕ ಎಜ್ರನು ಧರ್ಮಶಾಸ್ತ್ರವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದುತ್ತಾನೆ, ಜನ ನಿಂತು ಕೇಳುತ್ತಾರೆ, ದೇವಾಲಯದ ಸೇವೆಯ ಲೇವಿಯರು ನಡುನಡುವೆ ಅರ್ಥ ಬಿಡಿಸಿ ಹೇಳುತ್ತಾರೆ. ನಾವೋ, ಪ್ರವಚನವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವವರು. ಆಯಿ ಇದ್ದಿದ್ದರೆ ಫೋನಿಗೂ ಸಾವಕಾಶ ಅಂತ ಬೈಯುತ್ತಿದ್ದರು. ಕುರಿ ಹುಡುಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ ಬಿಡಿ. ಅವನಿಗೆ ಹಸಿವಾಗಿತ್ತು.

ಇನ್ನು ಸೂಚನೆಗಳು, ಅವಸರದಲ್ಲಿ. ಕ್ರಿಸ್ಮಸ್ ನಾಟಕ ಮತ್ತು ಊಟ ಡಿಸೆಂಬರ್ ಮೂರನೇ ಶನಿವಾರ, ಮಧ್ಯಾಹ್ನ 3ಕ್ಕೆ, ಮಾಮೂಲಿ ಸಭಾಂಗಣದಲ್ಲೇ. ರೊಟ್ಟಿ ತರುವವರು ಮೊದಲೇ ತಿಳಿಸಿ, ಹೋದ ಸಲ ಎಲ್ಲರೂ ಚಿತ್ರಾನ್ನವನ್ನೇ ತಂದಿದ್ದರು. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕಟ್ಟಲು ಕೈಗಳು ಬೇಕು. ಕನ್ನಡ ತರಗತಿ ಜನವರಿ ಎರಡನೇ ಭಾನುವಾರದಿಂದ. ಸದಸ್ಯತ್ವದ ಹಣ ಬಾಕಿ ಇರುವವರಿಗೆ ಗೊತ್ತೇ ಇದೆ.

ಇನ್ನೊಂದು ಮಾತು. ನಮ್ಮಲ್ಲಿ ಕಣ್ಣು ಮಂಜಾದ ಹಿರಿಯರು ಕೆಲವರಿದ್ದಾರೆ. ವಾರಕ್ಕೆ ಅರ್ಧ ಗಂಟೆ ಫೋನಿನಲ್ಲಿ ಓದಿ ಹೇಳುವವರು ಬೇಕು. ಸತ್ಯವೇದ ಆಗಲಿ, ವಚನ ಆಗಲಿ, ಊರಿನ ಪೇಪರ್ ಆಗಲಿ, ಅವರು ಕೇಳಿದ್ದು. ಕನ್ನಡ ಓದಲು ಬರುವ ಮಕ್ಕಳಾದರೂ ಸರಿ, ತಪ್ಪಿದರೆ ಅವರೇ ತಿದ್ದುತ್ತಾರೆ. ಹಾಗೇ ಈ ಪತ್ರಿಕೆಯ ಕರಡು ತಿದ್ದಲು ಯಾರಾದರೂ ಒಬ್ಬರು ಬನ್ನಿ. ದಯವಿಟ್ಟು. ಈಗ ರಾತ್ರಿ ಒಂದು ಗಂಟೆ, ಜಾಹೀರಾತಿನ ಪುಟ ಇನ್ನೂ ಖಾಲಿ ಇದೆ.