ಅನುದಾನ ಕಡಿತ: ಬಾವಿಗಿಳಿದರೆ ಸಾಲದು, ಬೇಡಿಕೆಯ ದಿನ ಕೂತು ಕೇಳಿ

ಮಲೆನಾಡಿನ ಕ್ಷೇತ್ರಗಳಿಂದ ಗೆದ್ದು ವಿಧಾನಸಭೆಯಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕೂತಿರುವ ಶಾಸಕರಿಗೆ, ದಿಲ್ಲಿಯಲ್ಲಿ ಅದೇ ಸಾಲಿನಲ್ಲಿರುವ ಸಂಸದರಿಗೂ,

ನಮಸ್ಕಾರ.

ರಸ್ತೆಗೆ ದುಡ್ಡಿಲ್ಲ, ಆಸ್ಪತ್ರೆಗೆ ದುಡ್ಡಿಲ್ಲ ಎಂದು ನೀವು ಪತ್ರಿಕಾಗೋಷ್ಠಿಯಲ್ಲಿ ಹೇಳುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ಮಾತಿಗೆ ತೂಕ ಬರುವುದು ಸದನದಲ್ಲಿ, ಅದರಲ್ಲೂ ಇಲಾಖಾವಾರು ಬೇಡಿಕೆಗಳು, ಅಂದರೆ ಪ್ರತಿ ಇಲಾಖೆಗೆ ಇಷ್ಟು ಅನುದಾನ ಕೊಡಿ ಎಂದು ಸರ್ಕಾರ ಸದನವನ್ನು ಕೇಳುವ ಪ್ರಸ್ತಾವಗಳು, ಮತಕ್ಕೆ ಬರುವ ದಿನ. ಆ ದಿನ ನೀವು ಸಭಾತ್ಯಾಗ ಮಾಡಿದರೆ ಬೇಡಿಕೆ ಧ್ವನಿಮತದಲ್ಲಿ ನಿಮಿಷದೊಳಗೆ ಪಾಸಾಗುತ್ತದೆ. ಕಡಿತವೂ ಅದರೊಟ್ಟಿಗೇ ಪಾಸಾಗುತ್ತದೆ, ಯಾರೂ ಒಂದು ಪ್ರಶ್ನೆ ಕೇಳದೆ.

2023ರ ಮಾರ್ಚ್ 23ರಂದು ಲೋಕಸಭೆಯಲ್ಲಿ ಆದದ್ದು ಇದೇ. ಎರಡೂ ಕಡೆಯ ಗದ್ದಲದ ನಡುವೆ ಎಲ್ಲ ಸಚಿವಾಲಯಗಳ ಬೇಡಿಕೆಗಳೂ ಚರ್ಚೆಯಿಲ್ಲದೆ ಗಿಲೋಟಿನ್ ಆದವು, ಅಂದರೆ ಒಟ್ಟಿಗೇ ಮತಕ್ಕೆ ಹಾಕಿ ಪಾಸು ಮಾಡಲಾಯಿತು. 2018ರ ಮಾರ್ಚಿನಲ್ಲೂ ಹಾಗೇ ಆಗಿತ್ತು. 2023ರ ಆ ಬಜೆಟ್‌ನಲ್ಲಿ ಉದ್ಯೋಗ ಖಾತರಿಗೆ ಇಟ್ಟಿದ್ದು 60,000 ಕೋಟಿ ರೂಪಾಯಿ. ಹಿಂದಿನ ವರ್ಷದ ಪರಿಷ್ಕೃತ ಅಂದಾಜು 89,400 ಕೋಟಿ ಇತ್ತು. ಕೂಲಿ ಕೇಳಿ ಬರುವವರ ಸಂಖ್ಯೆ ಬಜೆಟ್ ಪುಸ್ತಕ ನೋಡಿ ಇಳಿಯುವುದಿಲ್ಲ. ಕೊನೆಗೆ ಪರಿಷ್ಕೃತ ಅಂದಾಜನ್ನು 86,000 ಕೋಟಿಗೆ ಏರಿಸಲೇಬೇಕಾಯಿತು. ಇಷ್ಟು ಏರಿಸುವುದಿದ್ದರೆ ಮೊದಲೇ ಇಳಿಸಿದ್ದೇಕೆ, ನಡುವಿನ ತಿಂಗಳುಗಳ ಕೂಲಿ ಯಾವ ಲೆಕ್ಕದಿಂದ ಹೋಗಬೇಕಿತ್ತು ಎಂಬ ಪ್ರಶ್ನೆಗೆ ಸರಿಯಾದ ಜಾಗ ಗ್ರಾಮೀಣಾಭಿವೃದ್ಧಿ ಬೇಡಿಕೆಯ ಚರ್ಚೆ. ಆ ಚರ್ಚೆಯೇ ನಡೆಯಲಿಲ್ಲ.

ನಿಮ್ಮ ಕೈ ಕಟ್ಟಿರುವುದು ನಮಗೆ ಗೊತ್ತಿದೆ. ಸಂವಿಧಾನದ 203ನೇ ವಿಧಿಯ ಪ್ರಕಾರ ವಿಧಾನಸಭೆ ಒಂದು ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಮೊತ್ತ ಇಳಿಸಿ ಒಪ್ಪಬಹುದು. ಏರಿಸುವ ಹಾಗಿಲ್ಲ. ರಾಜ್ಯಪಾಲರ ಶಿಫಾರಸಿಲ್ಲದೆ ಬೇಡಿಕೆಯನ್ನೇ ಮಂಡಿಸುವಂತಿಲ್ಲ. ಹಾಗಾಗಿ ಕಡಿತವನ್ನು ವಿರೋಧಿಸುವವರಿಗೂ ಉಳಿಯುವ ಆಯುಧ ಕಡಿತ ಸೂಚನೆಯೇ. ಲೋಕಸಭೆಯ ನಿಯಮಗಳಲ್ಲಿ ಇದು ಮೂರು ಬಗೆ: ನೀತಿಯನ್ನೇ ಒಪ್ಪುವುದಿಲ್ಲ ಎಂದಾದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನುವುದು, ದುಂದು ಎನಿಸಿದರೆ ಇಂತಿಷ್ಟು ಮೊತ್ತ ಕಡಿಮೆ ಮಾಡಿ ಎನ್ನುವುದು, ನಿರ್ದಿಷ್ಟ ಕುಂದುಕೊರತೆ ಎತ್ತಬೇಕಾದರೆ 100 ರೂಪಾಯಿ ಇಳಿಸಿ ಎನ್ನುವುದು. ಮಲೆನಾಡಿಗೆ ಹೆಚ್ಚು ಬಳಕೆಗೆ ಬರುವುದು ಮೂರನೆಯದು. ಸೂಚನೆ ಬಹುಮತದಲ್ಲಿ ಬಿದ್ದುಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೂ ಕುಂದುಕೊರತೆ ಯಾವುದು ಎಂದು ಅದರಲ್ಲಿ ಬರೆದಿರುತ್ತದೆ, ಮಂತ್ರಿ ಅದರ ಮೇಲೆ ಮಾತಾಡಬೇಕಾಗುತ್ತದೆ, ಆಡಿದ ಮಾತು ಕಡತಕ್ಕೆ ಹೋಗುತ್ತದೆ. ಮುಂದಿನ ವರ್ಷ ನೀವು ಹಿಡಿದು ಕೇಳುವುದು ಆ ಮಾತನ್ನೇ.

ಇನ್ನು ಕಡಿತ ಎಲ್ಲಿರುತ್ತದೆ ಎಂಬ ವಿಷಯ. ಬಜೆಟ್ ಭಾಷಣದಲ್ಲಂತೂ ಇರುವುದಿಲ್ಲ. ಬೇಡಿಕೆಗಳ ಸಂಪುಟ ತೆರೆದರೆ ಪ್ರತಿ ಲೆಕ್ಕ ಶೀರ್ಷಿಕೆಯ ಎದುರು ನಾಲ್ಕು ಅಂಕಣಗಳಿವೆ: ಕಳೆದ ವರ್ಷದ ನಿಜವಾದ ಖರ್ಚು, ಈ ವರ್ಷದ ಅಂದಾಜು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಎಲ್ಲರೂ ಎರಡನೆಯದನ್ನೂ ನಾಲ್ಕನೆಯದನ್ನೂ ಹೋಲಿಸಿ ಏರಿತು, ಇಳಿಯಿತು ಎನ್ನುತ್ತಾರೆ. ನೋಡಬೇಕಾದದ್ದು ಎರಡಕ್ಕೂ ಮೂರಕ್ಕೂ ಇರುವ ಅಂತರ. ಕೊಡುತ್ತೇವೆ ಎಂದು ಹೇಳಿ ವರ್ಷದ ಮಧ್ಯೆ ಹಿಂದಕ್ಕೆ ಪಡೆದದ್ದು ಅಲ್ಲಿ ಸಿಗುತ್ತದೆ. ಶೀರ್ಷಿಕೆಯ ಮೊದಲ ಅಂಕಿ 2 ಅಥವಾ 3 ಇದ್ದರೆ ಅದು ರಾಜಸ್ವ ಖರ್ಚು, 4 ಅಥವಾ 5 ಇದ್ದರೆ ಬಂಡವಾಳ. ರಸ್ತೆ ನಿರ್ವಹಣೆ 3054ರಲ್ಲಿದೆ, ಹೊಸ ರಸ್ತೆ, ಸೇತುವೆ 5054ರಲ್ಲಿ. ಶಂಕುಸ್ಥಾಪನೆ ಆಗುವುದು 5054ಕ್ಕೆ. ಕತ್ತರಿ ಮೊದಲು ಬೀಳುವುದು 3054ಕ್ಕೆ. ಮೇ ತಿಂಗಳಲ್ಲಿ ಚರಂಡಿ ಬಿಡಿಸದಿದ್ದರೆ ಜೂನ್ ಮಳೆಯ ನೀರು ಡಾಂಬರಿನ ಮೇಲೇ ಹರಿಯುತ್ತದೆ, ಅಂಚು ಕೊರೆಯುತ್ತದೆ, ಘಟ್ಟದ ತಿರುವಿನಲ್ಲಿ ಧರೆ ಕುಸಿಯುತ್ತದೆ. ಆಮೇಲೆ ಅದೇ ರಸ್ತೆ ಹೊಸ ಕಾಮಗಾರಿಯಾಗಿ 5054ಕ್ಕೆ ಬರುತ್ತದೆ, ಹತ್ತಾರು ಪಟ್ಟು ಖರ್ಚಿನಲ್ಲಿ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಪಾಲು ತಿಳಿಯಬೇಕಾದರೆ ಲಿಂಕ್ ಡಾಕ್ಯುಮೆಂಟ್ ತೆಗೆಯಿರಿ. ಅದನ್ನು ಸದನದಲ್ಲಿ ಕೈಯಲ್ಲಿ ಹಿಡಿದವರು ಬಹಳ ಕಡಿಮೆ.

ಅಂಕಣಗಳಲ್ಲೂ ಕಾಣದ ಕಡಿತ ಇನ್ನೊಂದಿದೆ, ನಮ್ಮನ್ನು ಹೆಚ್ಚು ಬಾಧಿಸುವುದು ಅದೇ. ದುಡ್ಡು ಪೂರ್ತಿ ಬರುತ್ತದೆ, ಆದರೆ ತಡವಾಗಿ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ರೋಗ ಇದು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನು ತೆಗೆದುಕೊಂಡದ್ದನ್ನು ನೀವೂ ಮರೆತಿರಲಾರಿರಿ. ಹಳೆಯ ಲಸಿಕೆ ಪರಿಣಾಮ ಸಾಲದೆ ನಿಂತಿದೆ. ಈಗ ಉಳಿದಿರುವುದು ರೋಗ ಹರಡುವ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ತೈಲ, ಉಣುಗುಗಳ ಮಾದರಿ ಸಂಗ್ರಹ, ಮಂಗ ಸತ್ತ ಸುದ್ದಿ ಬಂದ ಕೂಡಲೇ ತಪಾಸಣೆ, ಆಶಾ ಕಾರ್ಯಕರ್ತೆಯರ ಮನೆಮನೆ ಜ್ವರ ಸಮೀಕ್ಷೆ, ರಕ್ತದ ಮಾದರಿ ಬೇಗ ಪ್ರಯೋಗಾಲಯ ತಲುಪುವ ವ್ಯವಸ್ಥೆ. ಉಣುಗಿನ ಮರಿಗಳು ಚುರುಕಾಗುವುದು ಮಳೆ ನಿಂತು ಕಾಡು ಒಣಗಿದ ಮೇಲೆ; ಪ್ರಕರಣಗಳು ಡಿಸೆಂಬರ್‌ನಿಂದ ಮೇವರೆಗೆ. ದರಗು (ಒಣ ಎಲೆ) ತರಲು, ಸೌದೆಗೆ, ದನ ಹೊಡೆದುಕೊಂಡು ಜನ ಕಾಡಿಗೆ ಹೋಗುವುದೂ ಆಗಲೇ. ಅಂದರೆ ತೈಲದ ಬಾಟಲಿ ನವೆಂಬರ್ ಒಳಗೆ ಮನೆಯಲ್ಲಿರಬೇಕು, ಅದಕ್ಕೆ ಟೆಂಡರ್ ಮಳೆಗಾಲದಲ್ಲೇ ಮುಗಿದಿರಬೇಕು, ಅದಕ್ಕೆ ಮೊದಲ ಕಂತುಗಳೇ ಸರಿಯಾಗಿ ಬಿಡುಗಡೆಯಾಗಬೇಕು. ಹಣ ಜನವರಿಯಲ್ಲಿ ಬಂದು ತೈಲ ಫೆಬ್ರವರಿಯಲ್ಲಿ ಹಂಚಿದರೆ ಲೆಕ್ಕದಲ್ಲಿ ನೂರಕ್ಕೆ ನೂರು ಖರ್ಚು, ಕಾಡಂಚಿನ ಮನೆಗೆ ಅರ್ಧ ಋತು ರಕ್ಷಣೆಯಿಲ್ಲ. ಇದನ್ನು ಯಾವ ಲೆಕ್ಕಪತ್ರವೂ ಕಡಿತ ಎನ್ನುವುದಿಲ್ಲ. ನೀವು ಎನ್ನಬೇಕು.

ಅದಕ್ಕೆ ಪ್ರಶ್ನೆ ಹೀಗಿರಲಿ: ಆರೋಗ್ಯ ಇಲಾಖೆಯ ಬೇಡಿಕೆ 22, ಶೀರ್ಷಿಕೆ 2210ರ ಅಡಿ ಮಂಗನ ಕಾಯಿಲೆ ನಿಯಂತ್ರಣಕ್ಕೆ ಏಪ್ರಿಲ್‌ನಿಂದ ತಿಂಗಳುವಾರು ಬಿಡುಗಡೆ ಎಷ್ಟು, ಖರ್ಚು ಎಷ್ಟು, ಪಾವತಿಯಾಗದೆ ಉಳಿದ ಬಿಲ್ ಎಷ್ಟು, ಮಂಜೂರಾದ ಹುದ್ದೆಗಳಲ್ಲಿ ಖಾಲಿ ಎಷ್ಟು, ತೈಲ ಯಾವ ತಾಲೂಕಿಗೆ ಯಾವ ದಿನಾಂಕಕ್ಕೆ ತಲುಪಿತು? ‘ತಿಂಗಳುವಾರು’ ಎಂಬುದನ್ನು ಬಿಟ್ಟರೆ ಒಟ್ಟು ಮೊತ್ತದ ಉತ್ತರ ಬರುತ್ತದೆ, ತಡ ಮುಚ್ಚಿಹೋಗುತ್ತದೆ. ಬಾಕಿ ಬಿಲ್ ಕೇಳದಿದ್ದರೆ ಮುಂದಿನ ವರ್ಷದ ಅನುದಾನದಲ್ಲಿ ಎಷ್ಟು ಹಳೇ ಸಾಲ ತೀರಿಸಲು ಹೋಗುತ್ತದೆ ಎಂಬುದು ಗೊತ್ತಾಗುವುದಿಲ್ಲ. ಖಾಲಿ ಹುದ್ದೆ ಕೇಳದಿದ್ದರೆ ಸಂಬಳದಲ್ಲಿ ಉಳಿದ ದುಡ್ಡು ಉಳಿತಾಯದ ಹೆಸರು ಪಡೆಯುತ್ತದೆ.

ಈಗ ನಿಮಗೆ ಕಹಿಯಾಗಬಹುದಾದ ಮಾತು. ಕಡಿತ ಬೇಡ ಎಂದರೆ ದುಡ್ಡು ಎಲ್ಲಿಂದ ಎಂದೂ ನೀವು ಹೇಳಬೇಕು. ರಾಜ್ಯದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಸಾಲಕ್ಕೆ ಮಿತಿ ಹಾಕಿದೆ. ಸಂಬಳ, ಪಿಂಚಣಿ ನಿಲ್ಲಿಸಲಾಗದು; ಬಡ್ಡಿ ಪ್ರಭೃತ ವೆಚ್ಚ, ಅದು ಮತಕ್ಕೇ ಬರುವುದಿಲ್ಲ. ಉಳಿದ ಜಾಗದಲ್ಲೇ ಎಳೆದಾಟ. ಗ್ಯಾರಂಟಿಗಳಿಂದ ಅಭಿವೃದ್ಧಿಗೆ ದುಡ್ಡಿಲ್ಲ ಎನ್ನುವವರು ಯಾವ ಗ್ಯಾರಂಟಿಯನ್ನು ಎಷ್ಟು ಇಳಿಸುತ್ತೀರಿ ಎಂದು ಸದನದಲ್ಲಿ ಹೇಳಿ. ಇಳಿಸುವುದಿಲ್ಲ ಎಂದಾದರೆ ಯಾವ ತೆರಿಗೆ, ಯಾವ ಬಾಕಿ ವಸೂಲಿ, ಯಾವ ಕಾಮಗಾರಿ ಮುಂದೂಡಿಕೆ ಎಂದು ಹೇಳಿ. ಬೆಂಗಳೂರಿನಲ್ಲಿ ವಿರೋಧ ಪಕ್ಷವಾಗಿರುವವರು ದಿಲ್ಲಿಯಲ್ಲಿ ಆಡಳಿತ ಪಕ್ಷ; ಅಲ್ಲಿ ಕಡಿತವನ್ನು ಶಿಸ್ತು ಎಂದು ಕರೆದು ಇಲ್ಲಿ ದ್ರೋಹ ಎಂದರೆ ಜನ ಎರಡನ್ನೂ ನಂಬುವುದಿಲ್ಲ. ದಿಲ್ಲಿಯ ವಿರೋಧ ಪಕ್ಷಕ್ಕೂ ಇದೇ ಮಾತು.

ಸಾರ್ವಜನಿಕ ಲೆಕ್ಕಪತ್ರ ಸಮಿತಿಯನ್ನೂ ಮರೆಯಬೇಡಿ. ಸಂಸತ್ತಿನಲ್ಲಿ 1967ರಿಂದ ಅದರ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಬಿಡುವ ಸಂಪ್ರದಾಯವಿದೆ. ಮಾರ್ಚ್ 31ಕ್ಕೆ ಯಾವ ಇಲಾಖೆ ಎಷ್ಟು ಅನುದಾನ ಹಿಂದಿರುಗಿಸಿತು ಎಂಬುದು ಮಹಾಲೇಖಪಾಲರ ಧನವಿನಿಯೋಗ ಲೆಕ್ಕಗಳಲ್ಲಿ ಸಾಲುಸಾಲಾಗಿ ಇರುತ್ತದೆ. ಆ ಪಟ್ಟಿ ಕೈಯಲ್ಲಿದ್ದರೆ ದುಡ್ಡಿಲ್ಲ ಎಂಬ ಉತ್ತರಕ್ಕೆ ಅಲ್ಲೇ ತಡೆ ಹಾಕಬಹುದು.

ಈ ನೆಲದಿಂದ 1952ರಲ್ಲಿ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋಗಿ ವಿರೋಧ ಪಕ್ಷದಲ್ಲಿ ಕೂತರು. 1967ರಲ್ಲಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಅಧಿಕಾರವಿಲ್ಲದೆಯೂ ಸದನವನ್ನು ಬಳಸಿಕೊಂಡವರು ಇವರು. ನಿಮ್ಮಿಂದ ಅದಕ್ಕಿಂತ ಕಡಿಮೆ ನಿರೀಕ್ಷಿಸಲು ನಮಗೆ ಮನಸ್ಸಿಲ್ಲ.

ಬೆಳಗಾವಿ ಅಧಿವೇಶನದಲ್ಲಿ ಪೂರಕ ಅಂದಾಜುಗಳು ಬಂದಾಗ ಆರೋಗ್ಯ, ಲೋಕೋಪಯೋಗಿ, ಗ್ರಾಮೀಣಾಭಿವೃದ್ಧಿ ಈ ಮೂರನ್ನಾದರೂ ಓದಿಕೊಂಡು ಬನ್ನಿ. ಮೇಲಿನ ಪ್ರಶ್ನೆಯ ನೋಟಿಸನ್ನು ಅದಕ್ಕೂ ಮೊದಲೇ ಕೊಡಿ. ಋತು ಶುರುವಾಗುವುದೂ ಅದೇ ಡಿಸೆಂಬರ್‌ನಲ್ಲಿ. ಬಂದ ಉತ್ತರವನ್ನು ಯಥಾವತ್ತಾಗಿ ಪ್ರತಿ ಗ್ರಾಮ ಪಂಚಾಯಿತಿಗೂ ಕಳಿಸಿ, ಗ್ರಾಮಸಭೆಯಲ್ಲಿ ತಾಳೆ ಹಾಕಿ ನೋಡುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ಮಲೆನಾಡಿನ ಮತದಾರರು